ನಾಮೌಚಿತ್ಯ: ‘ಕಾವೇರಿ’ ಎಂಬ ಒಂದು ನೌಕಾಕಾರ್ಯದ ಹೆಸರನ್ನು ಕುರಿತು

ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ‘ಔಚಿತ್ಯವಿಚಾರಚರ್ಚೆ’ಯನ್ನು ನಮ್ಮ ತರಗತಿಗಳಲ್ಲಿ ಓದಿಸುವಾಗ ಪದ, ವಾಕ್ಯ, ಗುಣ, ಅಲಂಕಾರ, ರಸ ಇವುಗಳ ಔಚಿತ್ಯದ ಬಳಿ ಸಾಕಷ್ಟು ಹೊತ್ತು ನಿಲ್ಲುತ್ತೇವೆ. ಪಟ್ಟಿಯ ಕೊನೆಗೆ ಬರುವ ನಾಮೌಚಿತ್ಯವನ್ನು ಮುಟ್ಟುವ ಹೊತ್ತಿಗೆ ಪಾಠದ ಅವಧಿಯೂ ಮುಗಿದಿರುತ್ತದೆ, ಅಧ್ಯಾಪಕರ ಉತ್ಸಾಹವೂ ಮುಗಿದಿರುತ್ತದೆ. ಕರ್ಮಕ್ಕೆ ಅನುರೂಪವಾದ ಹೆಸರಿನಿಂದ ಮನುಷ್ಯನ ಗುಣದೋಷಗಳು ಹೇಗೆ ಹೊರಕ್ಕೆ ಕಾಣುವುವೋ ಕಾವ್ಯದ ಗುಣದೋಷಗಳೂ ಹಾಗೆಯೇ ಕಾಣುವುವು ಎಂಬುದು ಅಲ್ಲಿಯ ಅಭಿಪ್ರಾಯ. ಒಬ್ಬನನ್ನೇ ಕವಿ ಒಂದೆಡೆ ಪಾರ್ಥನೆಂದೂ ಇನ್ನೊಂದೆಡೆ ಸವ್ಯಸಾಚಿಯೆಂದೂ ಕರೆದರೆ ಆ ಆಯ್ಕೆಗೆ ಆ ಸಂದರ್ಭದಲ್ಲಿ ಕಾರಣವಿರಬೇಕು. ಕಾರಣವಿಲ್ಲದೆಡೆ ಹೆಸರು ಬರಿಯ ಛಂದಸ್ಸಿನ ಭರ್ತಿಯಾಗುತ್ತದೆ.

ಈ ವಿಚಾರವನ್ನು ಕಾವ್ಯದ ಹೊರಗಿನ ಒಂದು ಹೆಸರಿಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆ ಹೆಸರು ‘ಆಪರೇಷನ್ ಕಾವೇರಿ’. ಸರ್ಕಾರದ ಕಡತದಲ್ಲಿ ಹುಟ್ಟಿದ ಹೆಸರಿಗೂ ಅಲಂಕಾರಶಾಸ್ತ್ರಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಅವರಿಗೆ ಉತ್ತರವನ್ನು ಮುಂದೆ ಕೊಡುವೆನು. ಸದ್ಯಕ್ಕೆ ಇಷ್ಟು ಸಾಕು: ಮಾದಾಪುರದಂತಹ ಊರಿನಲ್ಲಿ ಬಾಳುವವರಿಗೆ ಕಾವೇರಿಯೆಂಬುದು ಕಿವಿಯ ಮೇಲೆ ಬಿದ್ದು ಹಾರಿಹೋಗುವ ಶಬ್ದವಲ್ಲ. ಇಲ್ಲಿಯ ಹೊಳೆಯ ನೀರು ಹಾರಂಗಿಗೆ ಸೇರುತ್ತದೆ, ಹಾರಂಗಿ ಕೂಡಿಗೆಯ ಬಳಿ ಕಾವೇರಿಗೆ ಸೇರುತ್ತದೆ. ತುಲಾ ಸಂಕ್ರಮಣದ ತೀರ್ಥ ಮನೆಗೆ ಬಾರದ ವರ್ಷವಿಲ್ಲ. ಅಂಥ ಹೆಸರನ್ನು ಕೆಂಪು ಸಮುದ್ರದ ಮೇಲೆ ಕಂಡಾಗ ಅದು ಅಲ್ಲಿಗೆ ಹೇಗೆ ಹೋಯಿತೆಂದು ಕೇಳುವುದು ಸ್ವಾಭಾವಿಕ.

ಮೊದಲು ವಸ್ತುಸ್ಥಿತಿ. 2023ನೆಯ ಇಸವಿಯ ಏಪ್ರಿಲ್ 15ರಂದು ಸುಡಾನ್ ದೇಶದ ಸೇನೆಗೂ ಅಲ್ಲಿಯ ಪ್ರಬಲವಾದೊಂದು ಅರೆಸೈನಿಕ ಪಡೆಗೂ ಕಾಳಗ ಹತ್ತಿತು. ರಾಜಧಾನಿಯಾದ ಖಾರ್ಟೂಮಿನ ವಿಮಾನ ನಿಲ್ದಾಣವೇ ರಣರಂಗವಾಯಿತು. ನೀರು, ವಿದ್ಯುತ್ತು, ಆಹಾರಗಳಿಲ್ಲದೆ ಜನ ಮನೆಗಳೊಳಗೆ ಸೆರೆಯಾದರು. ಏಪ್ರಿಲ್ 24ರಂದು ಭಾರತ ಸರ್ಕಾರ ಈ ಕಾರ್ಯವನ್ನು ಪ್ರಕಟಿಸಿತು. ಖಾರ್ಟೂಮಿನಿಂದ ಬಸ್ಸುಗಳಲ್ಲಿ ಎಂಟುನೂರು ಕಿಲೋಮೀಟರಿನಷ್ಟು ದೂರದ ಪೋರ್ಟ್ ಸುಡಾನ್ ಬಂದರಿಗೆ ಬರಬೇಕು, ಅಲ್ಲಿಂದ ನೌಕಾಪಡೆಯ ಸುಮೇಧಾ, ತೇಗ್, ತರ್ಕಶ್ ಎಂಬ ಹಡಗುಗಳಲ್ಲೋ ವಾಯುಪಡೆಯ ವಿಮಾನಗಳಲ್ಲೋ ಕಡಲಿನ ಆಚೆಯ ಜೆಡ್ಡಾ ಸೇರಬೇಕು, ಜೆಡ್ಡಾದಿಂದ ತಾಯ್ನಾಡು. ಮೊದಲ ತಂಡದ 278 ಮಂದಿಯನ್ನು ಸುಮೇಧಾ ಏಪ್ರಿಲ್ 25ರಂದು ಹತ್ತಿಸಿಕೊಂಡಿತು. ಮೇ 5ರಂದು ಕಾರ್ಯ ಮುಗಿದಾಗ ಹೊರಬಂದವರ ಸಂಖ್ಯೆ 3,862. ಇದು ಒಡೆದ ದೋಣಿಯಿಂದ ಎತ್ತಿಕೊಂಡ ರಕ್ಷಣೆಯಲ್ಲ, ಬಂದರಿನಿಂದ ಹತ್ತಿಸಿಕೊಂಡ ರಕ್ಷಣೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಈ ಭೇದ ಮುಂದೆ ಬೇಕಾಗುತ್ತದೆ.

ಹೀಗೆ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನರಿದ್ದರು. 31 ಎಂಬ ಸಂಖ್ಯೆ ಮೊದಲು ಪ್ರಚಾರಕ್ಕೆ ಬಂದಿತು. ನಿಜವಾಗಿ ಇದ್ದವರು ಅದಕ್ಕಿಂತ ಹೆಚ್ಚು. ಕೆಲವರು ಖಾರ್ಟೂಮಿಗೂ ಬಹುದೂರ ಪಶ್ಚಿಮದ, ಡಾರ್ಫರ್ ಪ್ರಾಂತದ ಎಲ್ ಫಾಶರ್ ನಗರದಲ್ಲಿದ್ದರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಶಿವಮೊಗ್ಗದ ಬಳಿಯ ಸದಾಶಿವಪುರ, ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ ಇವರ ನೆಲೆಗಳು. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಇವರ ಪೂರ್ವದ ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಬದುಕು ಅಪರಾಧವಾಯಿತು. ಕಾಡಿನ ಬೇರುನಾರುಗಳ ತಿಳಿವಳಿಕೆ ಮಾತ್ರ ಉಳಿಯಿತು. ಆ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ತಲೆಗೂದಲಿನ ಎಣ್ಣೆ, ನೋವಿನ ಎಣ್ಣೆಗಳನ್ನು ಮಾರುತ್ತ ಇವರು ಆಫ್ರಿಕದ ದೇಶಗಳವರೆಗೂ ಹೋದರು. ಮನೆಯೊಳಗೆ ಆಡುವುದು ವಾಗ್ರಿ, ನೆರೆಯವರೊಡನೆ ಕನ್ನಡ, ಮಾರುವ ಊರಿನಲ್ಲಿ ಆ ಊರಿನ ಮಾತು. ಕನ್ನಡ ವಿಭಾಗಗಳಲ್ಲಿ ವರ್ಷಗಟ್ಟಲೆ ಕುಳಿತ ನಮಗಿಂತ ಹೆಚ್ಚು ಭಾಷೆಗಳನ್ನು ಇವರು ದುಡಿಸಿಕೊಂಡಿದ್ದಾರೆ.

ಆಗ ಕರ್ನಾಟಕದಲ್ಲಿ ಚುನಾವಣೆಯ ಕಾಲ. ಮತದಾನ ಮೇ 10ರಂದು ನಡೆಯಿತು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರಿಗೂ ಈ ಜನರ ವಿಷಯವಾಗಿ ಏಪ್ರಿಲ್ 18ರಂದು ಬಹಿರಂಗವಾಗಿ ಮಾತಿಗೆ ಮಾತು ಬೆಳೆಯಿತು. ಕಾರ್ಯಕ್ಕೆ ‘ಕಾವೇರಿ’ ಎಂಬ ಹೆಸರು ಬಂದುದು ಅದರ ಅನಂತರ. ಒಂದಕ್ಕೊಂದು ಕಾರಣವೆಂದು ಸಾಧಿಸುವುದು ವಿಮರ್ಶಕನ ಕೆಲಸವಲ್ಲ. ಅಧಿಕೃತ ವಲಯಗಳಿಂದ ಬಂದು ಪತ್ರಿಕೆಗಳಲ್ಲಿ ಪ್ರಕಟವಾದ ವಿವರಣೆಯ ಸಾರ ಇದು: ಎಷ್ಟೇ ಅಡ್ಡಿಗಳಿದ್ದರೂ ನದಿ ತನ್ನ ಗುರಿಯನ್ನು ಸೇರುತ್ತದೆ, ತಾಯಿ ತನ್ನ ಮಕ್ಕಳನ್ನು ಹೇಗಾದರೂ ಕ್ಷೇಮವಾಗಿ ಮನೆಗೆ ತರುತ್ತಾಳೆ. ಹಿಂದಿನ ವರ್ಷ ಉಕ್ರೇನಿನಿಂದ ವಿದ್ಯಾರ್ಥಿಗಳನ್ನು ಕರೆತಂದ ಕಾರ್ಯಕ್ಕೆ ‘ಗಂಗಾ’ ಎಂಬ ಹೆಸರಿದ್ದುದರಿಂದ ಈ ಹೆಸರು ಆ ಸಾಲಿನಲ್ಲಿ ಕೂಡುತ್ತದೆ.

ಆದರೆ ಸಾಲನ್ನು ಇನ್ನೂ ಹಿಂದಕ್ಕೆ ಎಳೆದು ನೋಡಿದರೆ ಒಂದು ಮಾರ್ಪಾಡು ಕಾಣಿಸುತ್ತದೆ. 2006ರಲ್ಲಿ ಲೆಬನಾನಿನ ಯುದ್ಧದಿಂದ ಸುಮಾರು 2,280 ಮಂದಿಯನ್ನು ನಮ್ಮ ಯುದ್ಧನೌಕೆಗಳು ಹೊರತಂದಾಗ ಇಟ್ಟ ಹೆಸರು ‘ಸುಕೂನ್’, ಅಂದರೆ ನೆಮ್ಮದಿ. 2015ರಲ್ಲಿ ಯೆಮನಿನಿಂದ ಭಾರತೀಯರನ್ನೂ 41 ದೇಶಗಳ 960 ಮಂದಿ ವಿದೇಶೀಯರನ್ನೂ ಕರೆತಂದಾಗ ಇಟ್ಟ ಹೆಸರು ‘ರಾಹತ್’, ಅಂದರೆ ಉಪಶಮನ. ಎರಡೂ ಅರಬ್ಬೀ ಮೂಲದ ಮಾತುಗಳು. ಬೈರೂತಿನ, ಏಡನ್ನಿನ ಬಂದರಿನಲ್ಲಿ ನಿಂತ ಪರದೇಶದವನಿಗೂ ಕಿವಿಗೆ ಬಿದ್ದೊಡನೆ ಅರ್ಥ ಹೊಳೆಯುವಂಥವು. ಅದಕ್ಕಿಂತ ಮುಖ್ಯವಾಗಿ, ಎರಡೂ ಕಷ್ಟದಲ್ಲಿದ್ದವನ ಮನಃಸ್ಥಿತಿಯನ್ನು ಸೂಚಿಸುವ ಹೆಸರುಗಳು. ರಕ್ಷಿಸುವವನ ಹೆಸರು ಅವುಗಳಲ್ಲಿಲ್ಲ. 2011ರಲ್ಲಿ ಲಿಬಿಯಾದಿಂದ ಜನರನ್ನು ತರುವ ಕಾರ್ಯಕ್ಕೆ ಕ್ಷೇಮದ ಮನೆಸೇರಿಕೆ ಎಂಬರ್ಥದ ಇಂಗ್ಲಿಷ್ ಹೆಸರನ್ನಿಟ್ಟರು; ಗಂಡಭೇರುಂಡದ ಲಾಂಛನವನ್ನು ಹೊತ್ತ ‘ಮೈಸೂರು’ ಹಡಗು ಆ ಕಾರ್ಯದಲ್ಲಿ ಮೆಡಿಟರೇನಿಯನ್ ಕಡಲಿಗೆ ಹೋಗಿತ್ತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಮಾಲ್ದೀವ್ಸ್, ಶ್ರೀಲಂಕಾ, ಇರಾನ್‌ಗಳಿಂದ 3,992 ಮಂದಿಯನ್ನು ತಂದುದು ‘ಸಮುದ್ರಸೇತು’. 2021ರಲ್ಲಿ ಕಾಬೂಲಿನಿಂದ ತಂದುದು ‘ದೇವಿ ಶಕ್ತಿ’. ಆಮೇಲೆ ಗಂಗಾ, ಕಾವೇರಿ. ಹೆಸರಿನ ಕಣ್ಣು ಮೆಲ್ಲಮೆಲ್ಲನೆ ಎತ್ತಲ್ಪಟ್ಟವನಿಂದ ಎತ್ತಿದವನ ಕಡೆಗೆ ತಿರುಗಿದೆ. ಸುಡಾನಿನಲ್ಲಿಯೂ ಅರಬ್ಬಿಯೇ ಜನದ ಮಾತು. ಪೋರ್ಟ್ ಸುಡಾನಿನ ಹಮಾಲಿಗೆ ‘ಕಾವೇರಿ’ ಎಂಬುದು ಬರಿಯ ಧ್ವನಿ. ಕೇಳಬೇಕಾದವರು ಬೇರೆ ಕಡೆ ಇದ್ದರು.

ಇನ್ನು ಹೆಸರನ್ನೇ ನೋಡೋಣ. ಕಾವೇರಿಯ ಕಥೆ ಸ್ಕಾಂದಪುರಾಣದ ಭಾಗವೆನಿಸಿದ ಕಾವೇರಿ ಮಾಹಾತ್ಮ್ಯೆಯಲ್ಲಿ ಬರುತ್ತದೆ. ಕೊಡಗಿನಲ್ಲಿ ಅದನ್ನು ಬಾಯಿಂದ ಬಾಯಿಗೆ ಕೇಳದೆ ಬೆಳೆದವರು ಕಡಮೆ. ಕವೇರಮುನಿಯ ಸಾಕುಮಗಳು ಅಗಸ್ತ್ಯನ ಕೈಹಿಡಿಯುವಾಗ ತನ್ನನ್ನು ಒಂಟಿಯಾಗಿ ಬಿಡಕೂಡದೆಂದು ಮಾತು ಪಡೆಯುತ್ತಾಳೆ. ಮುನಿ ಒಂದು ದಿನ ಆಕೆಯನ್ನು ಕಮಂಡಲುವಿನಲ್ಲಿರಿಸಿ ಶಿಷ್ಯರ ಕಾವಲಿನಲ್ಲಿ ಬಿಟ್ಟು ಸ್ನಾನಕ್ಕೆ ಹೋಗುತ್ತಾನೆ. ಆಕೆ ತುಳುಕಿ ಹೊರಟುಬಿಡುತ್ತಾಳೆ. ಶಿಷ್ಯರು ತಡೆದರೆ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾಳೆ. ಬಲಮುರಿಯಲ್ಲಿ ಜನ ಅಡ್ಡಗಟ್ಟಿ ನಿಂತಾಗ ನೀರಿನ ಸೆಳೆತಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದೂ ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದೆ ಉಡುವುದು ಅದರಿಂದಲೇ ಎಂದೂ ಹೇಳುವರು. ಈ ಕಥೆಯಲ್ಲಿ ಯಾರೂ ಯಾರನ್ನೂ ಮನೆಗೆ ಕರೆತರುವುದಿಲ್ಲ. ನಾಯಿಕೆ ಮನೆಯನ್ನು ಬಿಟ್ಟು ಹೋಗುತ್ತಾಳೆ; ಮನೆಯವರು ತಡೆಯುತ್ತಾರೆ; ಆಕೆ ನಿಲ್ಲುವುದಿಲ್ಲ; ಹೋದುದರಿಂದಲೇ ಲೋಕಕ್ಕೆ ಉಪಕಾರವಾಗುತ್ತದೆ. ಅಡ್ಡಿಗಳನ್ನು ಮೀರಿ ಗುರಿ ಸೇರುವಳು ಎಂಬ ಮಾತು ನಿಜವೇ. ಆದರೆ ಆ ಗುರಿ ಕಡಲು, ತವರಲ್ಲ. ಹಡಗೋ ಕಡಲಿನಿಂದ ನಾಡಿಗೆ ಬರುವುದು. ಹೆಸರು ಒಂದು ದಿಕ್ಕಿಗೆ, ಕಾರ್ಯ ಇನ್ನೊಂದು ದಿಕ್ಕಿಗೆ ಹರಿಯುತ್ತಿವೆ.

ಇದನ್ನು ಬರಿಯ ಕುತರ್ಕವೆಂದು ತಳ್ಳಿಹಾಕುವ ಮುನ್ನ ಇನ್ನೊಂದು ಸಾಕ್ಷ್ಯವನ್ನು ನೋಡಬೇಕು. ನಮಗೆ ದೊರೆತಿರುವ ಕನ್ನಡದ ಅತಿ ಪ್ರಾಚೀನ ಗ್ರಂಥವಾದ ಕವಿರಾಜಮಾರ್ಗದಲ್ಲಿಯೇ ಕಾವೇರಿಯ ಹೆಸರು ಬಂದಿದೆ. ಕನ್ನಡನಾಡಿನ ಒಂದು ಎಲ್ಲೆಯಾಗಿ ಬಂದಿದೆ. ಕಾವೇರಿ, ಗೋದಾವರಿಗಳ ನಡುವಣದು ನಾಡು ಎಂದು ಅಲ್ಲಿಯ ನಿರೂಪಣೆ. ಹೀಗಾಗಿ ಕಾವೇರಿಗೆ ನಮ್ಮ ಸಂಪ್ರದಾಯದಲ್ಲಿ ಎರಡು ಧ್ವನಿಗಳಿವೆ. ಪುರಾಣದಲ್ಲಿ ಅವಳು ಎಲ್ಲೆ ಮೀರುವವಳು. ಶಾಸ್ತ್ರಗ್ರಂಥದಲ್ಲಿ ಅವಳೇ ಎಲ್ಲೆ. 2023ರ ಹೆಸರಿನಲ್ಲಿ ಕೇಳಿಬಂದುದು ಎರಡನೆಯ ಧ್ವನಿಯೆಂದು ನನಗೆ ತೋರುತ್ತದೆ. ನಮ್ಮವರು, ನಮ್ಮ ಮಕ್ಕಳು, ನಮ್ಮ ನದಿ: ಈ ಮೂರು ಒಂದೇ ಉಸಿರಿನಲ್ಲಿ ಬಂದವು. (ಕಡಲ ಮೇಲೆ ಈ ಹೆಸರು ಹೊಸತೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದ ಒಂದು ನೌಕೆ ಇದೇ ಹೆಸರಿನದು. ಸ್ವಾತಂತ್ರ್ಯಾನಂತರ ಅದು ನಮ್ಮ ನೌಕಾಪಡೆಯಲ್ಲಿಯೂ ಸೇವೆ ಸಲ್ಲಿಸಿತು. ಹಡಗಿಗೆ ನದಿಯ ಹೆಸರು ಒಪ್ಪುತ್ತದೆ, ಎರಡೂ ಹೊರಟುಹೋಗುವಂಥವು.)

ರಕ್ಷಣೆಯನ್ನು ಹೇಳಲು ಕನ್ನಡಕ್ಕೆ ತನ್ನದೇ ಆದ ಒಂದು ಮಾತುಂಟು: ‘ಪಾರುಮಾಡು’. ‘ಪಾರ’ವೆಂದರೆ ಆಚೆಯ ದಡ, ಪಾರಾಗುವುದೆಂದರೆ ಆಚೆಯ ದಡ ಮುಟ್ಟುವುದು. ಅಪಘಾತದಿಂದ ಪಾರಾದೆ, ಸಾಲದಿಂದ ಪಾರಾದೆ ಎನ್ನುವಾಗ ನೀರಿನ ನೆನಪು ನಮಗಿಲ್ಲ. ಮಾತಿನೊಳಗೆ ಮಾತ್ರ ಹೊಳೆ ಹರಿಯುತ್ತಲೇ ಇದೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯನಿಗೆ ಇದು ರೂಪಕವಾಗುವ ಮೊದಲು ದಿನನಿತ್ಯದ ಕಾಯಕವಾಗಿತ್ತು. ಈ ಮಾತಿನ ಗುಣವೇನೆಂದರೆ ಅದು ಕೊಡುವ ಭರವಸೆ ಬಹಳ ಸಣ್ಣದು. ಆಚೆಯ ದಡವಷ್ಟೆ. ಅಲ್ಲಿ ಮನೆಯಿದೆಯೆಂದು ಅದು ಹೇಳುವುದಿಲ್ಲ. ಹತ್ತಿದವನು ಯಾರವನೆಂದು ಕೇಳುವುದಕ್ಕೂ ಅದರಲ್ಲಿ ಎಡೆಯಿಲ್ಲ.

2018ರ ಆಗಸ್ಟಿನಲ್ಲಿ ಈ ಭಾಗದ ಬೆಟ್ಟಗಳು ಜಾರಿದಾಗ ಆ ಮಾತಿನ ತೂಕ ನಮಗೆ ತಿಳಿಯಿತು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರಗಳ ಮೂಲಕ ಮಡಿಕೇರಿಗೆ ಹೋಗುವ ದಾರಿ ಕಡಿದುಹೋಯಿತು. ತೋಟ, ಗದ್ದೆ, ಮನೆಗಳು ಕೆಸರಿನೊಡನೆ ಇಳಿದವು. ಸೈನಿಕರು, ವಿಪತ್ತು ಪಡೆಯವರು, ಊರಿನ ಹುಡುಗರು ಹಗ್ಗ ಕಟ್ಟಿ ಜನರನ್ನು ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಸಾಗಿಸಿದರು. ಅದೇ ವಾರಗಳಲ್ಲಿ ನೆರೆಯ ಕೇರಳದಲ್ಲಿ ನೌಕಾಪಡೆ ನಡೆಸಿದ ಕಾರ್ಯಕ್ಕೆ ‘ಮದದ್’ ಎಂಬ ಹೆಸರಿತ್ತು, ಸಹಾಯವೆಂಬುದೇ ಅದರ ಅರ್ಥ. ಇಲ್ಲಿ ನಡೆದುದಕ್ಕೆ ಒಂದು ಹೆಸರಿದ್ದರೂ ಊರಿನವರ ಬಾಯಲ್ಲಿ ಅದು ಉಳಿದಿಲ್ಲ. ‘ದಾಟಿಸಿದರು’ ಎಂಬ ಕ್ರಿಯಾಪದ ಉಳಿದಿದೆ. ದಾಟಿದ ಮೇಲೆ ಅವರು ಕಡತದಲ್ಲಿ ‘ಸಂತ್ರಸ್ತ’ರಾದರು. ಹೆದರಿದವರು ಎಂಬುದು ಆ ಶಬ್ದದ ಅರ್ಥ. ಹೆದರಿಕೆ ಕಳೆದರೂ ಶಬ್ದ ಕಳೆಯಲಿಲ್ಲ. 2020ರಲ್ಲಿ ಮಾದಾಪುರದ ಬಳಿಯ ಜಂಬೂರಿನಲ್ಲಿ ಮನೆಗಳು ಹಂಚಿಕೆಯಾದವು. ಬಾಗಿಲು, ಕಿಟಕಿ, ದೀಪ ಎಲ್ಲ ಇದ್ದ ಮನೆಗಳು. ತೋಟ ಮಾತ್ರ ಹಿಂದೆ ಉಳಿಯಿತು, ಅಥವಾ ಹಿಂದೆಯೂ ಉಳಿಯಲಿಲ್ಲ. ದಾಟಿಸಿದುದೂ ಮನೆ ಸೇರಿದುದೂ ಎರಡು ಬೇರೆ ಬೇರೆ ಸಂಗತಿಗಳೆಂದು ಈ ಊರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಪರರ ಕಡಲಿನ ಹೆಸರುಗಳನ್ನು ಪಕ್ಕದಲ್ಲಿಟ್ಟರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 2013ರ ಅಕ್ಟೋಬರ್ 3ರಂದು ಇಟಲಿಯ ಲಾಂಪೆಡೂಸಾ ದ್ವೀಪದ ಬಳಿ ಆಫ್ರಿಕದಿಂದ ಬರುತ್ತಿದ್ದ ದೋಣಿ ಮುಳುಗಿ 360ಕ್ಕೂ ಮಿಕ್ಕ ಜನ ಸತ್ತರು. ಎರಡು ವಾರದಲ್ಲಿ ಇಟಲಿಯ ನೌಕಾಪಡೆ ಆರಂಭಿಸಿದ ಕಾರ್ಯದ ಹೆಸರು ‘ಮಾರೆ ನೋಸ್ತ್ರುಮ್’. ‘ನಮ್ಮ ಕಡಲು’ ಎಂದು ಅರ್ಥ. ರೋಮನ್ನರು ಮೆಡಿಟರೇನಿಯನ್ನನ್ನು ಹಾಗೆ ಕರೆಯುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಫ್ಯಾಸಿಸ್ಟರೂ ಸಾಮ್ರಾಜ್ಯದ ಹೆಮ್ಮೆಯಿಂದ ಅದೇ ಮಾತನ್ನು ಆಡಿದರು. ಇದಕ್ಕಿಂತ ಅನುಚಿತವಾದ ಹೆಸರನ್ನು ಹುಡುಕುವುದು ಕಷ್ಟವೆಂದು ಮೊದಲ ನೋಟಕ್ಕೆ ತೋರುವುದು. ಆದರೆ ಒಂದು ವರ್ಷದಲ್ಲಿ ಆ ಹಡಗುಗಳು ಎತ್ತಿಕೊಂಡ ಸುಮಾರು ಒಂದೂವರೆ ಲಕ್ಷ ಜನರಲ್ಲಿ ಇಟಲಿಯ ಪ್ರಜೆಗಳಾಗಿ ಹೊರಟವರು ಯಾರೂ ಇರಲಿಲ್ಲ. ಕಡಲು ನಮ್ಮದಾದರೆ ಅದರಲ್ಲಿ ಮುಳುಗುವವರ ಹೊಣೆಯೂ ನಮ್ಮದು ಎಂದು ಕರ್ಮವು ಹೆಸರಿಗೆ ಹೊಸ ಅರ್ಥವನ್ನು ಕೊಟ್ಟಿತು. ಕ್ಷೇಮೇಂದ್ರನ ಪಟ್ಟಿಯಲ್ಲಿ ಇಂಥದಕ್ಕೆ ಸ್ಥಾನವಿಲ್ಲ. ಹೆಸರು ಕರ್ಮವನ್ನು ಹೋಲಬೇಕೆಂದು ಅವನು ಬಲ್ಲ, ಕರ್ಮವು ಹೆಸರನ್ನು ತೊಳೆಯಬಲ್ಲದೆಂಬುದನ್ನು ಅವನು ಹೇಳಿಲ್ಲ. 2014ರ ಅಕ್ಟೋಬರ್ ಕೊನೆಗೆ ಆ ಕಾರ್ಯ ನಿಂತಿತು. ಗ್ರೀಕರ ಜಲದೇವತೆಯ ಹೆಸರಿನ ‘ಟ್ರೈಟನ್’ ಅದರ ಸ್ಥಾನಕ್ಕೆ ಬಂದಿತು. ಗಡಿ ಕಾಯುವುದು ಅದರ ಪ್ರಧಾನ ಕೆಲಸ. ಮರುವರ್ಷದ ಏಪ್ರಿಲಿನಲ್ಲಿ ಒಂದೇ ದೋಣಿಯ ಮುಳುಗಡೆಯಲ್ಲಿ ಸುಮಾರು ಎಂಟುನೂರು ಮಂದಿ ಸತ್ತರು.

ಆಮೇಲಿನ ಹೆಸರು ಇನ್ನೂ ವಿಚಿತ್ರ. 2015ರ ಆಗಸ್ಟ್ 24ರಂದು ‘ಶ್ಲೆಸ್ವಿಗ್ ಹೋಲ್‌ಸ್ಟೈನ್’ ಎಂಬ ಜರ್ಮನ್ ಯುದ್ಧನೌಕೆಯ ಮೇಲೆ, ಕಡಲಿನಿಂದ ಎತ್ತಿಕೊಂಡ ಸೊಮಾಲಿಯಾದ ತಾಯಿಯೊಬ್ಬಳಿಗೆ ಹೆಣ್ಣುಮಗು ಹುಟ್ಟಿತು. ಮಗುವಿಗೆ ಸೋಫಿಯಾ ಎಂದು ಹೆಸರಾಯಿತು. ಐರೋಪ್ಯ ಒಕ್ಕೂಟ ತನ್ನ ನೌಕಾಕಾರ್ಯಕ್ಕೆ ಆ ಹೆಸರನ್ನೇ ಇಟ್ಟಿತು. ಎತ್ತಲ್ಪಟ್ಟವಳ ಹೆಸರು ಕೊನೆಗೂ ಎತ್ತುವ ಕಾರ್ಯಕ್ಕೆ ಬಂದಿತಲ್ಲಾ ಎಂದು ಸಹೃದಯರು ಸಂತೋಷಪಡಬಹುದು. ಆದರೆ ಆ ಹೆಸರೂ ಹಡಗಿನ ನಾಡಿನ ಒಬ್ಬ ರಾಜಕುಮಾರಿಯದೇ, ಸೊಮಾಲಿಯಾದ್ದಲ್ಲ. 2019ರ ಮಾರ್ಚಿನಿಂದ ಆ ಕಾರ್ಯದ ಹಡಗುಗಳನ್ನೆಲ್ಲ ಹಿಂದಕ್ಕೆ ಕರೆಸಿಕೊಂಡು ವಿಮಾನಗಳನ್ನು ಮಾತ್ರ ಉಳಿಸಿದರು. ಹಡಗಿನ ಮೇಲೆ ಹುಟ್ಟಿದ ಮಗುವಿನ ಹೆಸರಿನ ಕಾರ್ಯಕ್ಕೆ ಒಂದು ವರ್ಷಕಾಲ ಹಡಗೇ ಇರಲಿಲ್ಲ. ನಾಮೌಚಿತ್ಯದ ಭಂಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಕಾವ್ಯದಲ್ಲಿಯೂ ನನಗೆ ಸಿಕ್ಕಿಲ್ಲ.

ಸಂಸ್ಕೃತ ನಾಟಕದ ವಿದ್ಯಾರ್ಥಿಗಳಿಗೆ ಇಲ್ಲಿ ಹರ್ಷನ ‘ರತ್ನಾವಳಿ’ ನೆನಪಾಗಬೇಕು. ಸಿಂಹಳದ ರಾಜಕುಮಾರಿಯ ಹಡಗು ಒಡೆಯುತ್ತದೆ. ಹಲಗೆಯೊಂದನ್ನು ಹಿಡಿದು ತೇಲುತ್ತಿದ್ದವಳನ್ನು ಕೌಶಾಂಬಿಯ ವರ್ತಕನೊಬ್ಬ ಎತ್ತಿಕೊಳ್ಳುತ್ತಾನೆ. ಸಾಗರದಿಂದ ದೊರೆತವಳೆಂದು ಅರಮನೆಯಲ್ಲಿ ಅವಳಿಗೆ ಸಾಗರಿಕೆಯೆಂದು ಹೆಸರಾಗುತ್ತದೆ. ಕೊರಳಿನ ರತ್ನಮಾಲೆಯಿಂದ ಗುರುತು ಸಿಕ್ಕುವವರೆಗೂ ಅವಳು ದಾಸಿ. ಕಡಲಿನಿಂದ ಬಂದವಳಿಗೆ ಕಡಲೇ ಹೆಸರಾದುದು ಉಚಿತವೆಂದು ನಮ್ಮ ವ್ಯಾಖ್ಯಾನಕಾರರು ಮೆಚ್ಚಬಹುದು. ಆ ಹೆಸರು ಅವಳ ಹಿಂದಿನ ಬಾಳನ್ನೆಲ್ಲ ಅಳಿಸಿಹಾಕಿತೆಂಬುದನ್ನು ನಾವು ಗಮನಿಸುವುದಿಲ್ಲ. ರತ್ನಮಾಲೆಯ ಸ್ಥಾನದಲ್ಲಿ ಇಂದು ಪಾಸ್‌ಪೋರ್ಟು ಇದೆ. ಪೋರ್ಟ್ ಸುಡಾನಿನಲ್ಲಿ ಹಕ್ಕಿಪಿಕ್ಕಿಯವರ ಬಳಿ ಅದಿದ್ದಿತು; ಲಾಂಪೆಡೂಸಾದ ನೀರಿನಲ್ಲಿದ್ದವರ ಬಳಿ ಇದ್ದರೂ ಅದು ಯಾವ ಹಡಗನ್ನೂ ಕರೆಯುವಂಥದಲ್ಲ. 1979ರಲ್ಲಿ ಹ್ಯಾಂಬರ್ಗಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವೂ 1982ರ ಸಮುದ್ರ ಕಾನೂನಿನ ಒಪ್ಪಂದವೂ ಕಡಲಿನಲ್ಲಿ ಅಪಾಯಕ್ಕೊಳಗಾದ ಯಾರಿಗಾದರೂ ನೆರವು ನೀಡಬೇಕೆಂದು ವಿಧಿಸಿವೆ. ಹ್ಯಾಂಬರ್ಗಿನ ಒಪ್ಪಂದವಂತೂ ಆತನ ದೇಶವನ್ನಾಗಲಿ ಸ್ಥಾನಮಾನವನ್ನಾಗಲಿ ಗಣಿಸಕೂಡದೆಂದು ಬಿಡಿಸಿ ಹೇಳಿದೆ. ನಮ್ಮ ‘ಪಾರುಮಾಡು’ ಹೇಳುವುದೂ ಅಷ್ಟನ್ನೇ.

ಈಗ ಆರಂಭದ ಆಕ್ಷೇಪಕ್ಕೆ ಬರೋಣ. ಜೀವ ಉಳಿಯಿತಲ್ಲ, ಹೆಸರೇನಾದರೇನು ಎಂದು ಕೇಳಬಹುದು. ಜೀವ ಉಳಿಸಿದ ನಾವಿಕರ ಕೆಲಸವನ್ನು ಕಿರಿದುಮಾಡುವ ಮಾತು ಈ ಲೇಖನದಲ್ಲಿ ಒಂದೂ ಇಲ್ಲ. ಹತ್ತಿಕೊಂಡವರು ಹಡಗಿನ ಮೇಲೆ ಮೊದಲು ಕೇಳಿದುದು ನೀರೇ ಆಗಿರಬೇಕು, ಹೆಸರಲ್ಲ. ಆದರೆ ಹೆಸರು ಇಡುವುದು ಹಡಗಿನವರಿಗಾಗಿ ಅಲ್ಲ, ಕಥೆ ಕೇಳುವವರಿಗಾಗ. ಕಥೆ ಎಲ್ಲಿ ತೊಡಗಬೇಕು, ಎಲ್ಲಿ ಮುಗಿಯಬೇಕೆಂಬುದನ್ನು ಅದು ಗೊತ್ತುಮಾಡುತ್ತದೆ. ಮಕ್ಕಳನ್ನು ತಾಯಿ ಮನೆಗೆ ತಂದಳು ಎಂಬ ಕಥೆ ಹಡಗಿನ ಏಣಿಯಲ್ಲಿ ತೊಡಗಿ ವಿಮಾನ ನಿಲ್ದಾಣದ ಹೂಮಾಲೆಯಲ್ಲಿ ಮುಗಿಯಲೇಬೇಕು. ಆ ಮಕ್ಕಳು ಎಣ್ಣೆಯ ಶೀಶೆಗಳನ್ನು ಹೊತ್ತು ಎಲ್ ಫಾಶರಿನಷ್ಟು ದೂರ ಏಕೆ ಹೋದರು? ತಂದ ಸರಕನ್ನೂ ಅದಕ್ಕಾಗಿ ಮಾಡಿದ ಸಾಲವನ್ನೂ ಏನು ಮಾಡಿದರು? ಇವು ಆ ಕಥೆಯಲ್ಲಿ ಅಪ್ರಕೃತವೆನಿಸುತ್ತವೆ. ಬದುಕಿಗೆ ಬೇರೆ ದಾರಿ ಕಾಣದೆ ಇವರು ಮತ್ತೆ ಆಫ್ರಿಕಕ್ಕೆ ಹೊರಟರೆ ಅದು ಕೃತಘ್ನತೆಯಂತೆಯೇ ಕಾಣುವುದು. ಹೆಸರಿನ ನಿಜವಾದ ಪುರಾಣವನ್ನು ಬಲ್ಲವನಿಗೆ ಹಾಗೆ ಕಾಣಬೇಕಾಗಿಲ್ಲ. ಕಮಂಡಲುವನ್ನು ತುಳುಕಿ ಹೊರಟವಳ ಹೆಸರು ಹೋಗುವವರಿಗೆ ಒಪ್ಪುವಷ್ಟು ಕರೆತರುವವರಿಗೆ ಒಪ್ಪುವುದಿಲ್ಲ. ಖಾರ್ಟೂಮಿನ ಕತ್ತಲೆಯ ಮನೆಯಿಂದ ಬಾಗಿಲು ತೆರೆದು, ಗುಂಡಿನ ಸದ್ದಿನ ನಡುವೆ ಬಸ್ಸು ಹುಡುಕಿ, ಎಂಟುನೂರು ಕಿಲೋಮೀಟರು ಮರಳಿನಲ್ಲಿ ನಡೆದ ಆ ಪಯಣವೇ ಕಾವೇರಿಯ ಕಥೆಗೆ ಹತ್ತಿರವಾದುದು. ಹಡಗು ಬರುವುದು ಅದರ ಅನಂತರ. ಹೆಸರು ಇಟ್ಟವರು ಅರಿಯದೆಯೇ ಉಚಿತವಾದುದನ್ನು ಆರಿಸಿದರು, ಆದರೆ ತಪ್ಪು ಪಾತ್ರಕ್ಕೆ ಕೊಟ್ಟರು ಎಂಬುದು ನನ್ನ ಅಭಿಪ್ರಾಯ.

ಅಭಿಪ್ರಾಯವನ್ನು ಒಪ್ಪದವರು ಇರಬಹುದು. ಅದನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ಮಾತ್ರ ಇನ್ನೂ ನಮ್ಮ ಕೈಯಲ್ಲಿಲ್ಲ. ಈ ಪ್ರಯಾಣದ ಬಗ್ಗೆ ನಾನು ಓದಿರುವುದೆಲ್ಲ ಪತ್ರಿಕೆಗಳ ಹೇಳಿಕೆಗಳು, ಅಧಿಕೃತ ಪ್ರಕಟಣೆಗಳು. ಹೋದವರು ತಮ್ಮ ವಾಗ್ರಿಯಲ್ಲಿ ತಮ್ಮವರಿಗೆ ಹೇಳಿಕೊಂಡ ಕಥೆ ಅಲ್ಲ. ಆ ಭಾಷೆಯಲ್ಲಿ ಈ ಸಂಗತಿಗೆ ಯಾವ ಹೆಸರಿದೆ, ಹಡಗಿಗೆ ಯಾವ ಮಾತಿದೆ, ‘ಮನೆ’ ಎಂಬುದು ಯಾವ ಸ್ಥಳವನ್ನು ಸೂಚಿಸುತ್ತದೆ ಎಂಬುದನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಸ್ನಾತಕೋತ್ತರ ತರಗತಿಯ ಇಬ್ಬರು ಮೂವರು ವಿದ್ಯಾರ್ಥಿಗಳು ಕೈಗೊಂಡರೆ ಒಳ್ಳೆಯದು. ಪಕ್ಷಿರಾಜಪುರಕ್ಕೆ ಮಾದಾಪುರದಿಂದ ಕುಶಾಲನಗರದ ದಾರಿಯಾಗಿ ಬೆಳಗ್ಗೆ ಹೊರಟರೆ ಸಂಜೆಗೆ ಹಿಂದಿರುಗಬಹುದು.